ಕಟ್ಟಿದ್ದೋ, ಬೆಳೆದದ್ದೋ?

ಲಿನಕ್ಸ್ ಹುಟ್ಟಿ ಹತ್ತು ವರ್ಷ ತುಂಬಿದ್ದ 2001ರ ಕೊನೆಯಲ್ಲಿ ಅದರ ಕರ್ತೃ ಲಿನಸ್ ಟೊರ್ವಾಲ್ಡ್ಸ್ ತಮ್ಮ ಜೊತೆಗಾರರೊಡನೆ ಒಂದು ವಾಗ್ವಾದಕ್ಕೆ ಇಳಿದರು. ಅವರ ವಾದ ಇಷ್ಟು: ಲಿನಕ್ಸನ್ನು ಯಾರೂ ವಿನ್ಯಾಸಗೊಳಿಸಿಲ್ಲ, ತಾವಂತೂ ಅಲ್ಲವೇ ಅಲ್ಲ. ಜೀವಜಾತಿಗಳು ವಿಕಾಸಗೊಂಡ ಹಾಗೆ, ಬಹಳಷ್ಟು ಜನ ತಮ್ಮ ತಮ್ಮ ಅಗತ್ಯಕ್ಕೆ ಮಾಡಿದ ಪ್ರಯತ್ನಗಳಲ್ಲಿ ಉಳಿಯಬೇಕಾದ್ದು ಉಳಿದು, ಅಳಿಯಬೇಕಾದ್ದು ಅಳಿದು ಅದು ಈ ರೂಪಕ್ಕೆ ಬಂದಿದೆ. ಹೀಗೇ ಆಗುತ್ತದೆಂದು ತಮಗೆ ಮೊದಲೇ ಗೊತ್ತಿತ್ತು ಎನ್ನುವವರನ್ನು ಅವರು ನಂಬಲು ತಯಾರಿರಲಿಲ್ಲ. ಎದುರು ಪಕ್ಷದವರಿಗೆ ಇದು ಬೇಜವಾಬ್ದಾರಿಯ ಮಾತಾಗಿ ಕೇಳಿಸಿತು. ಸೇತುವೆ ಕಟ್ಟುವವರು ಲೆಕ್ಕ ಹಾಕಿ ಕಟ್ಟುತ್ತಾರೆ. ಬಿದ್ದ ಸೇತುವೆಗಳನ್ನು ಎಣಿಸಿ ಕಲಿಯುವುದಿಲ್ಲ. ಬ್ಯಾಂಕು, ಆಸ್ಪತ್ರೆ, ವಿಮಾನ ಎಲ್ಲವನ್ನೂ ನಡೆಸುವ ತಂತ್ರಾಂಶ ಮಾತ್ರ ಏಕೆ ತಾನಾಗಿ ಬೆಳೆಯಬೇಕು?

ಸಾಹಿತ್ಯದ ಓದುಗರಿಗೆ ಈ ಜಗಳದ ಧಾಟಿ ಪರಿಚಿತವೇ. ನುಡಿ ತಾನಾಗಿ ಬೆಳೆಯುತ್ತದೆ, ವ್ಯಾಕರಣ ಅದರ ಹಿಂದಿನಿಂದ ಬರುತ್ತದೆ. ಕನ್ನಡದಲ್ಲಿ ಮಹಾಕಾವ್ಯಗಳು ಬಂದು ಮೂರು ಶತಮಾನವಾದ ಮೇಲೆ, 13ನೆಯ ಶತಮಾನದಲ್ಲಿ, ಕೇಶಿರಾಜ ಶಬ್ದಮಣಿದರ್ಪಣ ಬರೆದ. ಆದರೆ ತಂತ್ರಾಂಶಕ್ಕೆ ನುಡಿಯಷ್ಟು ಕಾಲಾವಕಾಶವಿಲ್ಲ. ಅದರ ಇತಿಹಾಸವೆಲ್ಲ ಸೇರಿ ಒಂದು ಮನುಷ್ಯಾಯುಷ್ಯದಷ್ಟು. ಹಾಗಾಗಿ ಯಾವುದನ್ನು ಕಟ್ಟಿದರು, ಯಾವುದು ಬೆಳೆಯಿತು, ಯಾವುದು ಉಳಿಯಿತು ಎಂಬುದನ್ನು ನಾವು ಸಾಕಷ್ಟು ಹತ್ತಿರದಿಂದ ನೋಡಬಹುದು.

ಕಥೆ ಮಲ್ಟಿಕ್ಸ್‌ನಿಂದ ಶುರುವಾಗುತ್ತದೆ. 1960ರ ದಶಕದ ನಡುವೆ ಅಮೆರಿಕದ ಎಂಐಟಿ, ಬೆಲ್ ಲ್ಯಾಬ್ಸ್ ಮತ್ತು ಜನರಲ್ ಎಲೆಕ್ಟ್ರಿಕ್ ಸಂಸ್ಥೆಗಳು ಸೇರಿ ಒಂದು ಮಹತ್ವಾಕಾಂಕ್ಷೆಯ ಕಾರ್ಯಾಚರಣ ವ್ಯವಸ್ಥೆಯನ್ನು, ಎಂದರೆ ಆಪರೇಟಿಂಗ್ ಸಿಸ್ಟಂ ಅನ್ನು, ಕಟ್ಟಲು ಹೊರಟವು. ಮನೆಮನೆಗೆ ವಿದ್ಯುತ್ತೂ ಟೆಲಿಫೋನೂ ಬರುವ ಹಾಗೆ ಗಣಕಶಕ್ತಿಯೂ ತಂತಿಯ ಮೂಲಕ ಬರಬೇಕು. ನೂರಾರು ಜನ ಒಂದೇ ಯಂತ್ರವನ್ನು ಹಂಚಿಕೊಂಡು ಹಗಲಿರುಳು ಬಳಸಬೇಕು. ಒಬ್ಬರ ಕಡತ ಇನ್ನೊಬ್ಬರ ಕೈಗೆ ಸಿಗಬಾರದು. 1965ರಲ್ಲೇ ಅದರ ವಿನ್ಯಾಸವನ್ನು ವಿವರಿಸುವ ಪ್ರಬಂಧಗಳು ಸಮ್ಮೇಳನವೊಂದರಲ್ಲಿ ಮಂಡನೆಯಾದವು. ವ್ಯವಸ್ಥೆ ಮಾತ್ರ ಆಗಿನ್ನೂ ಇರಲಿಲ್ಲ. ವಿನ್ಯಾಸ ಮೊದಲು, ವಸ್ತು ಆಮೇಲೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಕೆಲಸ ತಡವಾಯಿತು, ಖರ್ಚು ಏರಿತು. 1969ರಲ್ಲಿ ಬೆಲ್ ಲ್ಯಾಬ್ಸ್ ಈ ಯೋಜನೆಯಿಂದ ಹೊರಬಂತು. ಅಲ್ಲಿ ದುಡಿಯುತ್ತಿದ್ದ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರಿಗೆ ಒಳ್ಳೆಯ ಯಂತ್ರವೂ ಇಲ್ಲ, ಯೋಜನೆಯೂ ಇಲ್ಲ ಎಂಬ ಸ್ಥಿತಿ ಬಂತು. ಥಾಂಪ್ಸನ್ ಒಂದು ಮೂಲೆಯಲ್ಲಿ ಹೆಚ್ಚು ಬಳಕೆಯಿಲ್ಲದೆ ಬಿದ್ದಿದ್ದ ಪಿಡಿಪಿ-7 ಎಂಬ ಪುಟ್ಟ ಯಂತ್ರವನ್ನು ಹಿಡಿದರು. ಗ್ರಹಗಳ ನಡುವೆ ನೌಕೆ ಓಡಿಸುವ ತಮ್ಮ ಆಟವೊಂದನ್ನು ಅದಕ್ಕೆ ಒಗ್ಗಿಸಿದರು. ಆ ಬೇಸಿಗೆಯಲ್ಲಿ, ಹೆಂಡತಿ ಮಗುವನ್ನು ಕರೆದುಕೊಂಡು ಊರಿಗೆ ಹೋಗಿದ್ದ ಕೆಲವೇ ವಾರಗಳಲ್ಲಿ, ಒಂದು ಪುಟ್ಟ ವ್ಯವಸ್ಥೆಯ ಮುಖ್ಯ ಭಾಗಗಳನ್ನೆಲ್ಲ ಬರೆದು ಮುಗಿಸಿದರು. ಮಲ್ಟಿಕ್ಸ್‌ನ ಹೆಸರನ್ನು ಅಣಕಿಸಿ ಅದಕ್ಕೆ ಯುನಿಕ್ಸ್ ಎಂಬ ಹೆಸರು ಬಿತ್ತು.

ಮುಂದೆ ಅದು ಬೆಳೆದ ಬಗೆ ನಿಜಕ್ಕೂ ಗಿಡದ ಹಾಗೆ. ಹೊಸ ಯಂತ್ರ ಬೇಕೆಂದಾಗ, ಪೇಟೆಂಟ್ ವಿಭಾಗದವರ ಕಾಗದಪತ್ರ ಸಿದ್ಧಪಡಿಸುವ ವ್ಯವಸ್ಥೆ ಮಾಡಿಕೊಡುತ್ತೇವೆ ಎಂಬ ಕಾರಣ ಮುಂದಿಟ್ಟು ಪಿಡಿಪಿ-11 ತರಿಸಿಕೊಂಡರು. ಒಂದು ಪ್ರೋಗ್ರಾಮಿನ ಫಲಿತಾಂಶವನ್ನು ನೇರವಾಗಿ ಇನ್ನೊಂದಕ್ಕೆ ಹರಿಸುವ 'ಪೈಪ್' ಎಂಬ ಸೌಲಭ್ಯ ಇವತ್ತು ಯುನಿಕ್ಸ್‌ನ ಆತ್ಮವೆಂದು ಹೊಗಳಿಸಿಕೊಳ್ಳುತ್ತದೆ. ಅದು ಮೊದಲಿಗೆ ಇರಲೇ ಇಲ್ಲ. ತೋಟಕ್ಕೆ ನೀರು ಬಿಡುವ ಕೊಳವೆಗಳನ್ನು ಜೋಡಿಸುವ ಹಾಗೆ ಪ್ರೋಗ್ರಾಮುಗಳನ್ನು ಜೋಡಿಸಬೇಕು ಎಂದು ಡಗ್ ಮೆಕಿಲ್‌ರಾಯ್ 1964ರಲ್ಲೇ ಬರೆದಿಟ್ಟಿದ್ದರು. ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ 1973ರ ಒಂದು ರಾತ್ರಿ ಥಾಂಪ್ಸನ್ ಅದನ್ನು ಸೇರಿಸಿಬಿಟ್ಟರು. ಅದೇ ವರ್ಷ ಇಡೀ ತಿರುಳನ್ನು ರಿಚಿಯವರ 'ಸಿ' ಭಾಷೆಯಲ್ಲಿ ತಿರುಗಿ ಬರೆದರು. 1974ರಲ್ಲಿ ಪ್ರಕಟವಾದ ತಮ್ಮ ಹೆಸರಾಂತ ಪ್ರಬಂಧದಲ್ಲಿ ರಿಚಿ ಮತ್ತು ಥಾಂಪ್ಸನ್, ಯುನಿಕ್ಸ್‌ನ ಯಶಸ್ಸಿಗೆ ಬಹುಮಟ್ಟಿಗೆ ಕಾರಣ ಅದನ್ನು ಮೊದಲೇ ಗೊತ್ತುಮಾಡಿದ ಗುರಿಗಳಿಗಾಗಿ ವಿನ್ಯಾಸ ಮಾಡದೇ ಇದ್ದದ್ದು ಎಂಬ ಅರ್ಥದ ಮಾತು ಬರೆದರು.

ಇಲ್ಲಿಗೆ ತೀರ್ಪು ಬಂತು ಎನ್ನಿಸಬಹುದು: ಕಟ್ಟಿದ ಮಲ್ಟಿಕ್ಸ್ ಸೋತಿತು, ಬೆಳೆದ ಯುನಿಕ್ಸ್ ಗೆದ್ದಿತು. ಹಲವು ಪುಸ್ತಕಗಳು ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತವೆ. ಆದರೆ ಇನ್ನೂ ಸ್ವಲ್ಪ ಕೆದಕಬೇಕು.

ಮೊದಲನೆಯದಾಗಿ, ಮಲ್ಟಿಕ್ಸ್ ಸೋತಿತೆನ್ನುವುದು ಅರ್ಧ ಸತ್ಯ. ಅದು ಪೂರ್ಣಗೊಂಡಿತು, ಮಾರಾಟವಾಯಿತು, ದಶಕಗಳ ಕಾಲ ಕೆಲಸ ಮಾಡಿತು. ಭದ್ರತೆಯ ವಿಷಯದಲ್ಲಿ ಅಮೆರಿಕ ಸರ್ಕಾರ ಕೊಡುತ್ತಿದ್ದ 'ಬಿ2' ಎಂಬ ಉನ್ನತ ದರ್ಜೆಯನ್ನು 1985ರಲ್ಲಿ ಮೊದಲು ಪಡೆದದ್ದು ಅದೇ. ಅದರ ಕೊನೆಯ ಯಂತ್ರ ಕೆನಡಾದ ರಕ್ಷಣಾ ಇಲಾಖೆಯಲ್ಲಿ 2000ದ ಅಕ್ಟೋಬರ್‌ವರೆಗೆ ನಡೆಯುತ್ತಿತ್ತು. ಎರಡನೆಯದಾಗಿ, ಕಡತಗಳನ್ನು ಕೊಂಬೆ-ರೆಂಬೆಗಳಂತೆ ಒಂದರೊಳಗೊಂದು ಜೋಡಿಸುವ ಪದ್ಧತಿ, ಆಜ್ಞೆಗಳನ್ನು ಓದುವ 'ಶೆಲ್' ಕೂಡ ಒಂದು ಸಾಧಾರಣ ಪ್ರೋಗ್ರಾಮು ಎಂಬ ಕಲ್ಪನೆ, ಇವೆಲ್ಲ ಯುನಿಕ್ಸ್‌ಗೆ ಬಂದದ್ದು ಮಲ್ಟಿಕ್ಸ್‌ನಿಂದ. ಮೂರನೆಯದಾಗಿ, ಯುನಿಕ್ಸ್‌ನ ಕಡತವ್ಯವಸ್ಥೆ ತಾನಾಗಿ ಮೊಳೆತದ್ದಲ್ಲ. ಥಾಂಪ್ಸನ್, ರಿಚಿ ಮತ್ತು ರುಡ್ ಕ್ಯಾನಡೆ ಯಂತ್ರ ಮುಟ್ಟುವ ಮೊದಲೇ ಕಪ್ಪುಹಲಗೆಯ ಮೇಲೆ ಅದನ್ನು ಬರೆದು, ಅಳಿಸಿ, ತಿದ್ದಿದ್ದರು ಎಂದು ರಿಚಿಯವರೇ ದಾಖಲಿಸಿದ್ದಾರೆ. ಇಷ್ಟು ವರ್ಷಗಳಲ್ಲಿ ಸುತ್ತಲಿನದೆಲ್ಲ ಬದಲಾದರೂ ಆ ತಳಹದಿ ಬಹುಮಟ್ಟಿಗೆ ಹಾಗೇ ಉಳಿದಿದೆ.

ಅಂದರೆ ಬೆಳೆದದ್ದರ ಬುಡದಲ್ಲಿ ಒಂದು ಕಟ್ಟೋಣ ಇತ್ತು. ಆ ಕಟ್ಟೋಣವಾದರೂ ಬರಿಗೈಯಲ್ಲಿ ಕುಳಿತು ಊಹಿಸಿದ್ದಲ್ಲ. ಮಲ್ಟಿಕ್ಸ್‌ನಲ್ಲಿ ವರ್ಷಗಟ್ಟಲೆ ಒದ್ದಾಡಿ ಪಡೆದ ಅನುಭವದಿಂದ ಬಂದದ್ದು.

ಯುನಿಕ್ಸ್ ಬೆಳೆದಂತೆ ಬೆಳವಣಿಗೆಯ ಇನ್ನೊಂದು ಮುಖವೂ ಕಾಣಿಸಿತು. 1956ರ ಒಂದು ನ್ಯಾಯಾಲಯದ ಒಪ್ಪಂದದ ಪ್ರಕಾರ ಬೆಲ್ ಲ್ಯಾಬ್ಸ್‌ನ ಒಡೆಯರಾದ ಎಟಿ ಅಂಡ್ ಟಿ ದೂರಸಂಪರ್ಕ ಬಿಟ್ಟು ಬೇರೆ ವ್ಯಾಪಾರ ಮಾಡುವಂತಿರಲಿಲ್ಲ. ಹಾಗಾಗಿ ಯುನಿಕ್ಸ್ ಮೂಲಪಠ್ಯದ ಸಮೇತ ವಿಶ್ವವಿದ್ಯಾಲಯಗಳಿಗೆ ಅಗ್ಗವಾಗಿ ಸಿಕ್ಕಿತು. ಎಲ್ಲರೂ ತಮಗೆ ಬೇಕಾದಂತೆ ತಿದ್ದಿದರು. ಬರ್ಕ್ಲಿಯಲ್ಲಿ ಒಂದು ಕವಲು, ಬೆಲ್‌ನಲ್ಲಿ ಒಂದು ಕವಲು, ಆಮೇಲೆ ಒಂದೊಂದು ಕಂಪನಿಗೂ ಒಂದೊಂದು ಕವಲು. 1980ರ ದಶಕದ ಹೊತ್ತಿಗೆ ಒಂದು ಯುನಿಕ್ಸ್‌ಗೆ ಬರೆದದ್ದು ಇನ್ನೊಂದರಲ್ಲಿ ಓಡದ ಸ್ಥಿತಿ ಬಂತು. ಜೀವಜಗತ್ತಿನಲ್ಲಿ ಒಂದು ಜಾತಿ ಒಡೆದು ಹತ್ತಾದರೆ ಯಾರೂ ಅಳುವುದಿಲ್ಲ. ತಂತ್ರಾಂಶದಲ್ಲಿ ಹಾಗಾದರೆ ಅದರ ಬೆಲೆ ತೆರುವವರು ಬಳಕೆದಾರರು. ಕೊನೆಗೆ 1988ರಲ್ಲಿ ಸಮಿತಿಯೊಂದು ಕುಳಿತು, ಎಲ್ಲ ಯುನಿಕ್ಸ್‌ಗಳೂ ಹೊರಗಿನವರೊಡನೆ ಹೇಗೆ ಮಾತಾಡಬೇಕು ಎಂಬುದಕ್ಕೆ ಪಾಸಿಕ್ಸ್ ಎಂಬ ಮಾನಕವನ್ನು ಹೊರತಂದಿತು. ಕೇಶಿರಾಜನ ಹಾಗೆ ಇವರೂ ಬಳಕೆಯ ಹಿಂದಿನಿಂದಲೇ ಬಂದರು. ಆದರೆ ಅವರು ಬಂದದ್ದರಿಂದಲೇ ಮುಂದಿನ ಅಧ್ಯಾಯ ಸಾಧ್ಯವಾಯಿತು.

1991ರ ಆಗಸ್ಟ್ 25ರಂದು ಹೆಲ್ಸಿಂಕಿಯ 21 ವರ್ಷದ ವಿದ್ಯಾರ್ಥಿ ಟೊರ್ವಾಲ್ಡ್ಸ್, ಹವ್ಯಾಸಕ್ಕಾಗಿ ಒಂದು ವ್ಯವಸ್ಥೆ ಬರೆಯುತ್ತಿದ್ದೇನೆ, ಅದೇನೂ ದೊಡ್ಡದಾಗುವಂಥದ್ದಲ್ಲ ಎಂದು ಪ್ರಕಟಿಸಿದರು. ಸೆಪ್ಟೆಂಬರಿನಲ್ಲಿ ಹೊರಬಂದ ಮೊದಲ ಆವೃತ್ತಿಯಲ್ಲಿ ಇದ್ದದ್ದು ಸುಮಾರು 10 ಸಾವಿರ ಸಾಲು. ಮರುವರ್ಷ ಜನವರಿಯಲ್ಲಿ ಆಮ್‌ಸ್ಟರ್‌ಡ್ಯಾಮಿನ ಪ್ರಾಧ್ಯಾಪಕ ಆಂಡ್ರ್ಯೂ ಟ್ಯಾನೆನ್‌ಬಾಮ್ ಲಿನಕ್ಸ್ ಹುಟ್ಟುವಾಗಲೇ ಹಳತಾಗಿದೆ ಎಂದು ಸಾರಿದರು. ಅವರ ಆಕ್ಷೇಪಕ್ಕೆ ಆಧಾರವಿತ್ತು. ಒಳ್ಳೆಯ ವ್ಯವಸ್ಥೆಯ ತಿರುಳು ಪುಟ್ಟದಾಗಿರಬೇಕು, ಉಳಿದ ಕೆಲಸಗಳು ಬೇರೆ ಬೇರೆ ಪ್ರೋಗ್ರಾಮುಗಳಾಗಿ ಅದರ ಹೊರಗಿರಬೇಕು, ಒಂದು ಕೆಟ್ಟರೆ ಇನ್ನೊಂದು ಕೆಡಬಾರದು. ಲಿನಕ್ಸ್‌ನಲ್ಲಾದರೋ ಎಲ್ಲವೂ ಒಂದೇ ಮುದ್ದೆ. ಟ್ಯಾನೆನ್‌ಬಾಮ್ ಬೋಧನೆಗಾಗಿ 1987ರಲ್ಲಿ ಬರೆದಿದ್ದ ಮಿನಿಕ್ಸ್ ಈ ತತ್ತ್ವದ ಮೇಲೆಯೇ ನಿಂತಿತ್ತು. ಟೊರ್ವಾಲ್ಡ್ಸ್ ಕಲಿತದ್ದೂ ಅದರಿಂದಲೇ. ಶಿಷ್ಯ ಗುರುವಿಗೆ ಖಾರವಾಗಿಯೇ ಉತ್ತರಿಸಿದ. ಕಾಗದದ ಮೇಲೆ ನಿಮ್ಮದು ಮೇಲಿರಬಹುದು, ಆದರೆ ನನ್ನದು ಈಗ ಓಡುತ್ತಿದೆ ಎಂಬುದು ಆ ಉತ್ತರದ ಸಾರ.

ಇದೇ ಹೊತ್ತಿಗೆ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಸಾರಿದ ಗ್ನೂ ಯೋಜನೆಯೂ ತನ್ನ ತಿರುಳನ್ನು ಕಟ್ಟುತ್ತಿತ್ತು. ಹರ್ಡ್ ಎಂಬ ಆ ತಿರುಳಿನ ವಿನ್ಯಾಸ ಟ್ಯಾನೆನ್‌ಬಾಮ್ ಹೇಳಿದಂಥ ಸುಂದರ ವಿನ್ಯಾಸವೇ. 1990ರಲ್ಲಿ ಶುರುವಾದ ಅದು ಇಂದಿಗೂ ಸಾಮಾನ್ಯ ಬಳಕೆಗೆ ಬಂದಿಲ್ಲ. ಲಿನಕ್ಸ್ ಮಾತ್ರ 1994ರ ಮಾರ್ಚ್‌ನಲ್ಲಿ 1.0 ಆವೃತ್ತಿ ತಲುಪುವಾಗ ಸುಮಾರು 1.76 ಲಕ್ಷ ಸಾಲುಗಳಿಗೆ ಬೆಳೆದಿತ್ತು. 2017ರ ನವೆಂಬರ್‌ನಿಂದ ಜಗತ್ತಿನ ಅತಿವೇಗದ 500 ಸೂಪರ್‌ಕಂಪ್ಯೂಟರುಗಳೂ ಲಿನಕ್ಸ್‌ನಲ್ಲೇ ನಡೆಯುತ್ತಿವೆ. ನಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ಒಳಗಿರುವುದೂ ಅದೇ.

ಟೊರ್ವಾಲ್ಡ್ಸ್ ಅವರ ವಿಕಾಸವಾದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆದರೂ ಎರಡು ಸಂಗತಿಗಳನ್ನು ಮರೆಯುವ ಹಾಗಿಲ್ಲ. ಒಂದು, ಲಿನಕ್ಸ್‌ನ ಹೊರರೂಪ ಬಹುಮಟ್ಟಿಗೆ ಮೊದಲೇ ಗೊತ್ತಿತ್ತು. ಅದು ಯುನಿಕ್ಸ್‌ನ ಹಾಗೆ ವರ್ತಿಸಬೇಕು. ಟೊರ್ವಾಲ್ಡ್ಸ್ ಶುರುವಿನಲ್ಲೇ ಪಾಸಿಕ್ಸ್ ಮಾನಕದ ಪ್ರತಿಗಾಗಿ ಹುಡುಕಾಡಿದ್ದರು. ಅಚ್ಚು ಸಿದ್ಧವಿದ್ದಾಗ ಒಳಗೆ ಎರಕ ಹೇಗೆ ಹರಿದರೂ ಮೂರ್ತಿ ಮೂರ್ತಿಯೇ ಆಗುತ್ತದೆ. ಅಚ್ಚೇ ಇಲ್ಲದೆ ಸಾವಿರಾರು ಜನ ಹೀಗೆ ಸೇರಿ ದುಡಿದಿದ್ದರೆ ಏನಾಗುತ್ತಿತ್ತೆಂದು 80ರ ದಶಕದ ಯುನಿಕ್ಸ್ ಕವಲುಗಳು ತೋರಿಸಿದ್ದವು. ಎರಡು, ಪ್ರಕೃತಿಯ ಆಯ್ಕೆಗೆ ಕಣ್ಣಿಲ್ಲ. ಲಿನಕ್ಸ್‌ನ ಆಯ್ಕೆಗೆ ಕಣ್ಣಿದೆ, ಹೆಸರಿದೆ, ಸಿಟ್ಟೂ ಇದೆ. ಬಂದ ತಿದ್ದುಪಡಿಗಳನ್ನು ವಿಭಾಗವಿಭಾಗದ ಉಸ್ತುವಾರಿಗಳು ಓದಿ, ಬೇಡವಾದ್ದನ್ನು ಹಿಂದಕ್ಕೆ ಕಳಿಸಿ, ಒಪ್ಪಿದ್ದನ್ನು ಮೇಲಕ್ಕೆ ಕಳಿಸುತ್ತಾರೆ. ತಿರುಳಿನ ಯಾವ ಬದಲಾವಣೆಯೂ ಅದರ ಮೇಲೆ ಓಡುವ ಪ್ರೋಗ್ರಾಮುಗಳನ್ನು ಕೆಡಿಸಬಾರದೆಂಬ ಕಟ್ಟುನಿಟ್ಟಿನ ನಿಯಮವಿದೆ. ಇದು ಕಾಡಿಗಿಂತ ಹೆಚ್ಚಾಗಿ ತೋಟ. ತೋಟಗಾರನಿಗೆ ಪ್ರತಿ ಎಲೆಯ ನಕ್ಷೆ ಬೇಕಿಲ್ಲ, ಆದರೆ ಕತ್ತರಿ ಅವನ ಕೈಯಲ್ಲೇ ಇರುತ್ತದೆ.

2005ರಲ್ಲಿ ಸ್ವತಃ ಟೊರ್ವಾಲ್ಡ್ಸ್ ಬೇರೆ ದಾರಿ ತುಳಿದರು. ಲಿನಕ್ಸ್‌ನ ಸಾವಿರಾರು ತಿದ್ದುಪಡಿಗಳ ಲೆಕ್ಕವಿಡಲು 2002ರಿಂದ ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ಖಾಸಗಿ ತಂತ್ರಾಂಶದ ಉಚಿತ ಪರವಾನಗಿ ಆ ವರ್ಷ ರದ್ದಾಯಿತು. ಏಪ್ರಿಲ್ 3ರಂದು ಅವರು ಗಿಟ್ ಬರೆಯಲು ಕುಳಿತರು. 7ರ ಹೊತ್ತಿಗೆ ಗಿಟ್ ತನ್ನ ಇತಿಹಾಸವನ್ನು ತಾನೇ ಕಾಪಿಡುತ್ತಿತ್ತು. ಇಷ್ಟು ವೇಗಕ್ಕೆ ಕಾರಣ ಅವರು ಮೊದಲು ಒಂದು ತಳಹದಿಯನ್ನು ಸ್ಪಷ್ಟವಾಗಿ ಯೋಚಿಸಿಕೊಂಡದ್ದು. ಪ್ರತಿಯೊಂದು ಕಡತಕ್ಕೂ, ಕಡತಗಳ ಪ್ರತಿಯೊಂದು ಪಟ್ಟಿಗೂ, ಬದಲಾವಣೆಯ ಪ್ರತಿಯೊಂದು ದಾಖಲೆಗೂ ಅದರ ಒಳಗಿನ ವಿಷಯದಿಂದಲೇ ಲೆಕ್ಕ ಹಾಕಿ ಒಂದು ಗುರುತುಸಂಖ್ಯೆ ಕೊಡುವುದು. ಒಳಗೆ ಒಂದು ಅಕ್ಷರ ಬದಲಾದರೂ ಗುರುತು ಬದಲಾಗುತ್ತದೆ, ಹಾಗಾಗಿ ಹಳೆಯದನ್ನು ಯಾರೂ ಗುಟ್ಟಾಗಿ ತಿದ್ದಲಾಗದು. ಇದು ಶುದ್ಧ ವಿನ್ಯಾಸ. ವಿನ್ಯಾಸವನ್ನು ನಂಬದ ಮನುಷ್ಯ ಮಾಡಿದ ವಿನ್ಯಾಸ. ಅದು ಇಂದಿಗೂ ಗಿಟ್‌ನ ಬುಡದಲ್ಲಿ ಹಾಗೇ ಇದೆ.

ಗಿಟ್‌ನ ಮೇಲ್ಪದರ ಇದಕ್ಕೆ ತದ್ವಿರುದ್ಧ. ಬಳಸುವವರು ಟೈಪಿಸುವ ಆಜ್ಞೆಗಳು ಒಂದೊಂದಾಗಿ, ಅವರವರ ಅಗತ್ಯಕ್ಕೆ ತಕ್ಕಂತೆ ಸೇರಿಕೊಂಡವು. 'ಚೆಕ್‌ಔಟ್' ಎಂಬ ಒಂದೇ ಆಜ್ಞೆ ಕವಲು ಬದಲಿಸುವುದಕ್ಕೂ ಇತ್ತು, ಕಡತವನ್ನು ಹಿಂದಿನ ಸ್ಥಿತಿಗೆ ತರುವುದಕ್ಕೂ ಇತ್ತು. ಗೊತ್ತಿಲ್ಲದೆ ಬಳಸಿ ದಿನದ ಕೆಲಸ ಕಳೆದುಕೊಂಡವರಿಗೆ ಲೆಕ್ಕವಿಲ್ಲ. ಅದನ್ನು 'ಸ್ವಿಚ್', 'ರಿಸ್ಟೋರ್' ಎಂಬ ಎರಡು ಆಜ್ಞೆಗಳಾಗಿ ಬಿಡಿಸಲು 2019 ಬರಬೇಕಾಯಿತು. ಹಳೆಯ ಆಜ್ಞೆ ಆಮೇಲೂ ಉಳಿದುಕೊಂಡಿತು. ಹಾಗೆಂದು ತಳದ ವಿನ್ಯಾಸ ದೋಷರಹಿತವೇನಲ್ಲ. ಗುರುತುಸಂಖ್ಯೆಗೆ ಆರಿಸಿಕೊಂಡ ಶಾ-1 ಎಂಬ ಲೆಕ್ಕಾಚಾರವನ್ನು 2017ರಲ್ಲಿ ಸಂಶೋಧಕರು ಮುರಿದು ತೋರಿಸಿದರು. ಎರಡು ಬೇರೆ ಬೇರೆ ಕಡತಗಳಿಗೆ ಒಂದೇ ಗುರುತು ಬರುವಂತೆ ಮಾಡಬಹುದು ಎಂದಾಯಿತು. ಆಮೇಲೆ ಗಿಟ್ ತನ್ನನ್ನು ಕಾಪಾಡಿಕೊಳ್ಳುವ ಉಪಾಯ ಮಾಡಿಕೊಂಡಿತಾದರೂ ಹೊಸ ಲೆಕ್ಕಾಚಾರಕ್ಕೆ ದಾಟುವ ಕೆಲಸ ವರ್ಷಗಟ್ಟಲೆ ಹಿಡಿಯಿತು. ಬೆಳೆದದ್ದರ ತಪ್ಪು ಮೈಮೇಲಿನ ಗಾಯದ ಹಾಗೆ, ಕಟ್ಟಿದ್ದರ ತಪ್ಪು ಅಡಿಪಾಯದ ಬಿರುಕಿನ ಹಾಗೆ.

ಎರಡೂ ಬಗೆಯ ತಪ್ಪುಗಳಿಗೆ ಒಂದು ಸಮಾನ ಗುಣವಿದೆ: ಬಳಸುವವರು ಹೆಚ್ಚಾದಷ್ಟೂ ಅವು ಗಟ್ಟಿಯಾಗುತ್ತವೆ. ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ 1970ರ ದಶಕದ ನಡುವೆ 'ಮೇಕ್' ಎಂಬ ಉಪಕರಣ ಬರೆದಾಗ ಕೆಲವು ಸಾಲುಗಳು ಟ್ಯಾಬ್ ಕೀಲಿಯಿಂದಲೇ ಶುರುವಾಗಬೇಕೆಂಬ ನಿಯಮ ಸೇರಿಕೊಂಡಿತು. ಅದು ತಪ್ಪೆಂದು ಅವರಿಗೆ ಬೇಗನೆ ಹೊಳೆಯಿತು. ಆದರೆ ಆಗಲೇ ಹತ್ತು-ಹನ್ನೆರಡು ಜನ ಬಳಸುತ್ತಿದ್ದರು, ಅವರಿಗೆ ತೊಂದರೆ ಕೊಡುವುದು ಬೇಡವೆಂದು ಬಿಟ್ಟರು. ಆ ಹತ್ತು-ಹನ್ನೆರಡು ಜನರ ಮೇಲಿನ ದಾಕ್ಷಿಣ್ಯಕ್ಕೆ ಇವತ್ತಿಗೂ ಲೋಕದ ವಿದ್ಯಾರ್ಥಿಗಳೆಲ್ಲ ಬೆಲೆ ತೆರುತ್ತಿದ್ದಾರೆ. ಯುನಿಕ್ಸ್ ಕಾಲವನ್ನು ಎಣಿಸಿದ ಬಗೆಯೂ ಹೀಗೆಯೇ. 1971ರ ಕೈಪಿಡಿಯಲ್ಲಿ ಸೆಕೆಂಡಿನ ಅರುವತ್ತನೆಯ ಒಂದು ಭಾಗವನ್ನು ಎಣಿಸುತ್ತಿದ್ದರು. ಆ ಎಣಿಕೆ ಎರಡೂಕಾಲು ವರ್ಷಕ್ಕೆ ಮುಗಿದುಹೋಗುತ್ತಿತ್ತು. ಬಳಸುವವರು ಕೈಬೆರಳೆಣಿಕೆಯವರಾಗಿದ್ದರಿಂದ ಸಲೀಸಾಗಿ ಬದಲಿಸಿ, 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುವುದೆಂದು ಮಾಡಿದರು. ಈ ಎರಡನೆಯ ಲೆಕ್ಕ 32 ಬಿಟ್‌ಗಳ ಜಾಗದಲ್ಲಿ 2038ರ ಜನವರಿ 19ಕ್ಕೆ ಮುಗಿಯುತ್ತದೆ. ಈ ಬಾರಿ ಬದಲಿಸುವುದು ಸಲೀಸಲ್ಲ. 32 ಬಿಟ್ ಯಂತ್ರಗಳಲ್ಲೂ 2038 ದಾಟುವ ಲಿನಕ್ಸ್ ತಿರುಳು ಸಿದ್ಧವಾದದ್ದು 2020ರಲ್ಲಿ, ಹಲವು ವರ್ಷಗಳ ದುಡಿಮೆಯ ನಂತರ. ಹಳೆಯ ಯಂತ್ರಗಳ ಒಳಗೆ ಕುಳಿತಿರುವ ತಂತ್ರಾಂಶಕ್ಕೆ ಆ ಭಾಗ್ಯವೂ ಇಲ್ಲ.

ಈ ಮಾತು ಕನ್ನಡಿಗರಿಗೆ ದೂರದ್ದೇನಲ್ಲ. ಕಂಪ್ಯೂಟರಿನಲ್ಲಿ ಕನ್ನಡ ಮೊದಲಿಗೆ ಬೆಳೆದದ್ದು ಬಹುಮಟ್ಟಿಗೆ ಅಚ್ಚಿಲ್ಲದೆಯೇ. ಒಂದೊಂದು ತಂತ್ರಾಂಶ ತನಗೆ ತೋಚಿದ ಸಂಖ್ಯೆಗೆ ತನಗೆ ತೋಚಿದ ಅಕ್ಷರಭಾಗ ಕೂರಿಸಿತು. ಒಂದರಲ್ಲಿ ಬರೆದ ಕಥೆಯನ್ನು ಇನ್ನೊಂದು ಫಾಂಟಿನಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳ ರಾಶಿ. ಆ ಕಾಲದ ಕಡತಗಳನ್ನು ಪರಿವರ್ತಿಸಿ, ಒತ್ತಕ್ಷರ ತಿದ್ದುವ ಕೆಲಸ ಪ್ರಕಾಶಕರಿಗೆ ಈಗಲೂ ತಪ್ಪಿಲ್ಲ. ಇನ್ನೊಂದು ಕಡೆ ಯೋಚಿಸಿ ಕಟ್ಟಿದ್ದೂ ಇತ್ತು. ಕೆ. ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ಅಕ್ಷರಗಳ ಆಕಾರವನ್ನು ಬಿಟ್ಟು ಉಚ್ಚಾರದ ತರ್ಕವನ್ನು ಹಿಡಿಯಿತು. ನುಡಿ ತಂತ್ರಾಂಶದ ಮೂಲಕ ಅದು ನಾಡಿನಾದ್ಯಂತ ಹರಡಿ ಈಗಲೂ ಬೆರಳುಗಳಲ್ಲಿ ಉಳಿದಿದೆ. ಭಾರತದ ಲಿಪಿಗಳನ್ನೆಲ್ಲ ಒಂದೇ ಚೌಕಟ್ಟಿನಲ್ಲಿ ಕೂರಿಸಿದ ಇಸ್ಕಿ ಮಾನಕದ ಜೋಡಣೆಯನ್ನು ಯೂನಿಕೋಡ್ ತನ್ನದಾಗಿಸಿಕೊಂಡಿತು. ಹಾಗಾಗಿಯೇ ದೇವನಾಗರಿ, ತೆಲುಗು, ಕನ್ನಡಗಳ 'ಕ' ಅಕ್ಷರಗಳು ತಂತಮ್ಮ ಕೋಷ್ಟಕದಲ್ಲಿ ಒಂದೇ ಸ್ಥಾನದಲ್ಲಿವೆ.

ಆ ಚೌಕಟ್ಟಿಗೆ ಕನ್ನಡದ ಎಲ್ಲವೂ ಹಿಡಿಸಲಿಲ್ಲ. ರಕಾರದ ಮೇಲೆ ಯಕಾರ ಬಂದರೆ ಅದು ಅರ್ಕಾವತ್ತಾಗಿ ಮೂಡುತ್ತದೆ; 'ರ‍್ಯಾಂಕ್' ಎಂದು ಬರೆಯಬೇಕಾದರೆ ಕಣ್ಣಿಗೆ ಕಾಣದ ಒಂದು ಜೋಡುಚಿಹ್ನೆಯನ್ನು ನಡುವೆ ತೂರಿಸಬೇಕು. ಇಂಥ ಉಪಾಯಗಳು ಆಮೇಲೆ ಬೆಳೆದು ಬಂದವು.

ಫ್ರೆಡ್ ಬ್ರೂಕ್ಸ್ ಈ ಜಗಳದ ಎರಡೂ ಬದಿಯಲ್ಲಿ ನಿಂತು ನೋಡಿದವರು. ಐಬಿಎಂನ ದೈತ್ಯ ವ್ಯವಸ್ಥೆ ಓಎಸ್/360 ಕಟ್ಟುವಾಗಿನ ಪಾಡನ್ನು 1975ರ ತಮ್ಮ ಪುಸ್ತಕದಲ್ಲಿ ಬರೆದಾಗ ಅವರು ಒಂದೇ ಮನಸ್ಸಿನಿಂದ ಮೂಡಿದಂಥ ವಿನ್ಯಾಸದ ಏಕತೆಗೆ ಎಲ್ಲಕ್ಕಿಂತ ಮೇಲಿನ ಸ್ಥಾನ ಕೊಟ್ಟರು. ಹತ್ತು ವರ್ಷ ಕಳೆದ ಮೇಲೆ ಬರೆದ ಪ್ರಬಂಧದಲ್ಲಿ ತಂತ್ರಾಂಶವನ್ನು ಕಟ್ಟುವುದಕ್ಕಿಂತ ಬೆಳೆಸಬೇಕು ಎಂದರು. ಇದರಲ್ಲಿ ವಿರೋಧವೇನಿಲ್ಲ. ಥಾಂಪ್ಸನ್ ಕಪ್ಪುಹಲಗೆಯ ಮೇಲೆ ಬರೆದದ್ದು, ಟೊರ್ವಾಲ್ಡ್ಸ್ ನಾಲ್ಕು ದಿನದಲ್ಲಿ ಕಟ್ಟಿದ್ದು ಎರಡೂ ಒಳ್ಳೆಯ ವಿನ್ಯಾಸಗಳೇ. ಎರಡರ ಹಿಂದೆಯೂ ಬೇರೆಯವರ ವ್ಯವಸ್ಥೆಯೊಡನೆ ವರ್ಷಗಟ್ಟಲೆ ಬಾಳಿದ ಅನುಭವವಿತ್ತು. ಎರಡೂ ಪುಟ್ಟವಾಗಿದ್ದವು, ಮುಂದಿನವರಿಗೆ ಬೇಕಾದಷ್ಟು ಜಾಗ ಬಿಟ್ಟಿದ್ದವು. ನಾಳೆ ಸುಲಭವಾಗಿ ಬದಲಿಸಬಹುದಾದ್ದನ್ನು ಬೆಳೆಯಲು ಬಿಡಬಹುದು. ನಾಳೆ ಸಾವಿರ ಜನ ಒರಗಿಕೊಳ್ಳಲಿರುವುದನ್ನು ಇವತ್ತೇ ಯೋಚಿಸಬೇಕು. ಯಾವುದು ಯಾವುದೆಂದು ಮೊದಲೇ ತಿಳಿಯುವುದು ಕಷ್ಟ. ಫೆಲ್ಡ್‌ಮನ್‌ಗೆ ಟ್ಯಾಬ್ ಒಂದು ಚಿಕ್ಕ ಸಂಗತಿಯಾಗಿತ್ತು.

ಹಳಗನ್ನಡದ ೞ ಅಕ್ಷರವನ್ನು ಕೇಶಿರಾಜ ರಳವೆಂದು ಕರೆದು, ಉಳಿದ ಳಕಾರಗಳಿಂದ ಬೇರೆ ಮಾಡಿ ತೋರಿಸಿದ್ದ. ಯೂನಿಕೋಡ್ ಕೋಷ್ಟಕದಲ್ಲಿ ಅದಕ್ಕೆ ಬಿದ್ದ ಅಧಿಕೃತ ಹೆಸರು 'ಕನ್ನಡ ಲೆಟರ್ ಫಾ'. ಫಕಾರಕ್ಕೂ ಅದಕ್ಕೂ ಏನೇನೂ ಸಂಬಂಧವಿಲ್ಲ; ಹೆಸರಿಟ್ಟವರ ತಪ್ಪು. ಆದರೆ ಒಮ್ಮೆ ಕೊಟ್ಟ ಹೆಸರನ್ನು ಎಂದೂ ಬದಲಿಸುವುದಿಲ್ಲವೆಂದು ಯೂನಿಕೋಡ್ ಲೋಕಕ್ಕೆ ಮಾತು ಕೊಟ್ಟಿದೆ, ಜಗತ್ತಿನ ತಂತ್ರಾಂಶಗಳೆಲ್ಲ ಆ ಮಾತನ್ನು ನಂಬಿ ನಿಂತಿವೆ. ಹಾಗಾಗಿ ತಪ್ಪು ಹೆಸರು ಅಲ್ಲೇ ಇದೆ, ಪಕ್ಕದಲ್ಲಿ ತಿದ್ದುಪಡಿಯೆಂದು ಸರಿಯಾದ ಹೆಸರನ್ನೂ ಬರೆದಿಟ್ಟಿದ್ದಾರೆ.